ಊರ ಜಾತ್ರೆಯ ಪಟ್ಟಿ, ಮಂಟಪದ ದೀಪ, ಅವ್ವನ ಎಡೆ: ಊರಿಗೊಬ್ಬನೇ ವಿಶ್ವಾಸಿಯಾದವನು ಹೇಗೆ ಬಾಳಬೇಕು?

ತಾಮ್ರದ ತಂತಿ (ಪ್ರಶ್ನೆ)

ಎಲ್ಲರಿಗೂ ವಂದನೆಗಳು. ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವನು. ಬಸ್ ನಿಲ್ದಾಣದ ಪಕ್ಕದಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆ, ಜಾತ್ರೆಗಳಿಗೆ ಲೈಟಿನ ಕೆಲಸವನ್ನೂ ಹಿಡಿಯುತ್ತೇನೆ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲಿ ಕೆಲಸ ಕಲಿಯುತ್ತಿದ್ದಾಗ ಯೇಸುಸ್ವಾಮಿಯನ್ನು ನಂಬಿದೆ. ಯಾರೂ ನನಗೆ ಹಣ ಕೊಡಲಿಲ್ಲ, ಯಾರೂ ಕೈಹಿಡಿದು ಎಳೆಯಲಿಲ್ಲ. ಒಂದೇ ಕೋಣೆಯಲ್ಲಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ರಾತ್ರಿ ಮಲಗುವ ಮೊದಲು ಹೊಸ ಒಡಂಬಡಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಅದನ್ನು ಕೇಳಿ ಕೇಳಿ ನಾನೇ ಓದಲು ಆರಂಭಿಸಿದೆ. ನನ್ನ ಹೆಂಡತಿಯೂ ನಂಬಿದ್ದಾಳೆ. ಊರಿನಲ್ಲಿ ನಮ್ಮದು ಒಂದೇ ಕ್ರೈಸ್ತ ಮನೆ, ನಾವು ಆರಾಧನೆಗೆ ಹೋಗುವ ಸಭೆ ಇರುವುದು ಇಪ್ಪತ್ತು ಕಿಲೋಮೀಟರ್ ಆಚೆ.

ಈ ವರ್ಷ ನಮ್ಮೂರಲ್ಲಿ ದ್ಯಾಮವ್ವನ ಜಾತ್ರೆ. ಒಂಬತ್ತು ವರ್ಷಗಳ ನಂತರ ಬಂದಿರುವುದರಿಂದ ಊರಿಗೆ ಊರೇ ಸಡಗರದಲ್ಲಿದೆ. ಮನೆಗೆ 2,500 ರೂಪಾಯಿ ಪಟ್ಟಿ, ಅಂದರೆ ಜಾತ್ರೆಯ ವಂತಿಗೆ, ಹಾಕಿದ್ದಾರೆ. ಹಿಂದಿನ ಜಾತ್ರೆಯಲ್ಲಿ ನಾನು ತೇರಿನ ಮುಂದೆ ಭಂಡಾರ ಎರಚಿ ಕುಣಿದವನು. ಈಗ ಏನು ಮಾಡಲಿ ಎಂದು ತಿಳಿಯದೆ ಹದಿನೈದು ದಿನ ಸುಮ್ಮನಿದ್ದೆ. ಹೋದ ಮಂಗಳವಾರ ಹಿರಿಯರು ಅಂಗಡಿಗೆ ಬಂದು, ಪಟ್ಟಿ ಕೊಡದ ಮನೆಗೆ ಊರಿನ ನೀರು ನೆರಳು ಇಲ್ಲ, ಯಾರೂ ನಿನ್ನ ಬಳಿ ಮೋಟಾರ್ ತರುವುದಿಲ್ಲ ಎಂದು ಹೇಳಿ ಹೋದರು. ಅವರಲ್ಲಿ ನನ್ನ ಅಣ್ಣನೂ ಇದ್ದನು. ಅವನು ಒಂದು ಮಾತನ್ನೂ ಆಡಲಿಲ್ಲ. ಮಂಟಪಕ್ಕೆ ಲೈಟ್ ಸರ ಕಟ್ಟುವ ಕೆಲಸವನ್ನೂ ನನಗೇ ವಹಿಸಿದ್ದಾರೆ, ಏಕೆಂದರೆ ಊರಿನಲ್ಲಿ ಆ ಕೆಲಸ ಬಲ್ಲವನು ನಾನೊಬ್ಬನೇ.

ಇವೆರಡಕ್ಕಿಂತ ದೊಡ್ಡ ಮಾತು ಅವ್ವನದು. ಅವಳಿಗೆ ಈಗ ಕಣ್ಣು ಮಂಜು. ಮೊನ್ನೆ ರೊಟ್ಟಿ ತಟ್ಟುತ್ತಾ, ನನ್ನ ಮುಖ ನೋಡದೆ, "ಮಹಾನವಮಿ ಅಮಾಸಿಗೆ ನನಗ ಎಡಿ ಹಾಕಾವ್ರು ಯಾರಪ್ಪಾ?" ಎಂದು ಕೇಳಿದಳು. ನಾನು ಉತ್ತರ ಕೊಡದೆ ಎದ್ದು ಬಂದೆ. ಇಂಥ ಸ್ಥಿತಿಯನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಕಲ್ವಾರಿ ದಾಸ

ಸಹೋದರರೇ, ಒಂದು ರೂಪಾಯಿಯನ್ನೂ ಕೊಡಬೇಡಿ. ಬೈಬಲಿನ ದಾನಿಯೇಲನು ಬಾಬೆಲಿನ ಅರಸನ ಊಟವನ್ನು ಮುಟ್ಟಲಿಲ್ಲ. ಶದ್ರಕ್, ಮೇಶಕ್, ಅಬೇದ್‌ನೆಗೋ ಎಂಬುವರು ಬಂಗಾರದ ಪ್ರತಿಮೆಗೆ ಅಡ್ಡಬೀಳದೆ ಉರಿಯುವ ಆವಿಗೆಯೊಳಗೆ ಹೋದರು. ಇಂದು ಪಟ್ಟಿ ಕೊಟ್ಟವನಿಂದ ನಾಳೆ ಕಾಯಿ ಒಡೆಸುತ್ತಾರೆ, ನಾಡಿದ್ದು ಹೆಂಡತಿಯಿಂದ ಉಡಿ ತುಂಬಿಸುತ್ತಾರೆ. ಮೊದಲ ಹೆಜ್ಜೆಯಲ್ಲಿಯೇ ನಿಲ್ಲುವುದು ಸುಲಭ, ಮೂರನೆಯ ಹೆಜ್ಜೆಯಲ್ಲಿ ನಿಲ್ಲುವುದು ಕಷ್ಟ.

ಸಹನೆ

ತಾವು ಯಾವ ಊರಿನಲ್ಲಿದ್ದೀರಿ? ತಮ್ಮ ಮನೆಗೆ ಹಾಲು ಹಾಕುವವರು ಪಟ್ಟಿಯ ಲೆಕ್ಕ ಕೇಳುತ್ತಾರೆಯೇ?

ಕಲ್ವಾರಿ ದಾಸ

ಬೆಂಗಳೂರಿನಲ್ಲಿದ್ದೇನೆ, ಅಕ್ಕ. ಇಲ್ಲಿ ನನಗೆ ಆ ಕಷ್ಟವಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ವಾಸದ ಊರು ಬದಲಾದರೆ ದೇವರ ಆಜ್ಞೆ ಬದಲಾಗುವುದಿಲ್ಲ.

ಬೆಟಗೇರಿ ಮೊಮ್ಮಗಳು

ದಾನಿಯೇಲನ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ಅವನು ಅರಸನ ಊಟವನ್ನು ಬೇಡವೆಂದದ್ದು ನಿಜ. ಆದರೆ ಅದೇ ಅಧ್ಯಾಯದಲ್ಲಿ ಕಸ್ದೀಯರ ಭಾಷೆಯನ್ನೂ ಶಾಸ್ತ್ರವನ್ನೂ ಕಲಿತನು, ಬೇಲ್ತೆಶಚ್ಚರನೆಂಬ ಬಾಬೆಲಿನ ಹೆಸರಿನಿಂದ ಕರೆಸಿಕೊಂಡನು, ಆ ಅರಸನ ಆಸ್ಥಾನದಲ್ಲಿಯೇ ಕೆಲಸ ಮಾಡಿದನು. ಎಲ್ಲಿ ಗೆರೆ ಎಳೆಯಬೇಕು ಎಂಬುದನ್ನು ಅವನು ಆಯ್ದುಕೊಂಡನು. ಎಲ್ಲ ಕಡೆಯೂ ಗೋಡೆ ಕಟ್ಟಲಿಲ್ಲ.

ನಮ್ಮ ಮುತ್ತಜ್ಜನ ಕಾಲದಿಂದ ನಾವು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಸಭೆಯವರು. ನನ್ನ ಅಜ್ಜ ಗದಗ ಸೀಮೆಯ ಒಂದು ಹಳ್ಳಿಯಲ್ಲಿ ಶಾಲಾ ಮಾಸ್ತರರಾಗಿದ್ದಾಗ ಇದೇ ಪಟ್ಟಿಯ ಪ್ರಶ್ನೆ ಬಂದಿತ್ತು. ಅಜ್ಜ ಹಿರಿಯರ ಮನೆಗೆ ತಾವೇ ಹೋಗಿ, "ಪೂಜೆಗೂ ಬಲಿಗೂ ನನ್ನ ಹಣ ಬೇಡ, ಜಾತ್ರೆಗೆ ಬರುವ ಜನರ ಕುಡಿಯುವ ನೀರಿಗೆ ಎಷ್ಟಾಗುತ್ತದೆಯೋ ಹೇಳಿ, ಅದನ್ನು ಪಟ್ಟಿಗಿಂತ ಹೆಚ್ಚಾದರೂ ನಾನು ಕೊಡುತ್ತೇನೆ, ಹರವಿಯ ಬಳಿ ನಾನೇ ನಿಲ್ಲುತ್ತೇನೆ" ಎಂದರು. ಮೊದಲ ಸಲ ಹಿರಿಯರು ಒಪ್ಪಲಿಲ್ಲ. ಊರಿನ ಪಟ್ಟಿಯಲ್ಲಿ ಎರಡು ಪಟ್ಟಿ ಇಲ್ಲ ಎಂದು ಸಿಟ್ಟಿನಿಂದ ಕಳುಹಿಸಿದರು. ಅಜ್ಜ ಆದರೂ ರಸ್ತೆಯ ಪಕ್ಕದಲ್ಲಿ ಹರವಿ ಇಟ್ಟು ಮೂರು ದಿನ ನೀರು ಕೊಟ್ಟರು. ಕುಡಿಯುವವರು ಕುಡಿದರು, ಕೆಲವರು ಮುಖ ತಿರುಗಿಸಿಕೊಂಡು ಹೋದರು. ಮುಂದಿನ ಜಾತ್ರೆಯ ಹೊತ್ತಿಗೆ ಪಟ್ಟಿಯ ಪುಸ್ತಕದಲ್ಲಿ "ನೀರು, ಮಾಸ್ತರರು" ಎಂದು ಹಿರಿಯರೇ ಬರೆಸಿದ್ದರಂತೆ. ತಮ್ಮಾ, ನೀನು ಮೊದಲು ಹಿರಿಯರ ಬಳಿಗೆ ನೀನಾಗಿ ಹೋಗು. ಹದಿನೈದು ದಿನ ಸುಮ್ಮನಿದ್ದದ್ದು ಅವರಿಗೆ ತಿರಸ್ಕಾರವಾಗಿ ಕಂಡಿರಬಹುದು.

ಹೊಸಬ 88

ಸಂವಿಧಾನದ 27ನೆಯ ವಿಧಿಯ ಪ್ರಕಾರ ಒಂದು ಧರ್ಮದ ಪೋಷಣೆಗಾಗಿ ಯಾರಿಂದಲೂ ತೆರಿಗೆ ವಸೂಲು ಮಾಡುವಂತಿಲ್ಲ. ನೇರವಾಗಿ ಠಾಣೆಗೆ ಹೋಗಿ ದೂರು ಕೊಡಿ, ಇಷ್ಟೊಂದು ಚರ್ಚೆ ಏಕೆ?

ಕೋರ್ಟ್ ರಸ್ತೆ

ವಕೀಲನಾಗಿ ಒಂದು ತಿದ್ದುಪಡಿ. 27ನೆಯ ವಿಧಿ ಸರ್ಕಾರ ವಿಧಿಸುವ ತೆರಿಗೆಗೆ ಸಂಬಂಧಿಸಿದ್ದು; ಊರವರು ಕೂಡಿ ಹಾಕುವ ಪಟ್ಟಿ ತೆರಿಗೆಯಲ್ಲ. ಪಟ್ಟಿ ಕೊಡದಿರುವುದು ಅಪರಾಧವಲ್ಲ, ಅದಕ್ಕಾಗಿ ಯಾರೂ ಬಲವಂತ ಮಾಡುವಂತಿಲ್ಲ, ಬೆದರಿಕೆ ಹಾಕಿದರೆ ದೂರು ಕೊಡಬಹುದು. ತಮ್ಮ ಧರ್ಮವನ್ನು ಆಚರಿಸುವ ಹಕ್ಕು 25ನೆಯ ವಿಧಿಯಲ್ಲಿದೆ. ಆದರೆ ಅದೇ ವಿಧಿಯಲ್ಲಿರುವ ಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ.

ಕೇಳದಿದ್ದರೂ ಇನ್ನೊಂದು ಮಾತು ಹೇಳುತ್ತೇನೆ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯು ಮತಾಂತರವಾಗುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಸಲ್ಲಿಸಬೇಕೆಂದು ವಿಧಿಸಿತು. ಮತಾಂತರಗೊಂಡವರ ತಂದೆ ತಾಯಿ, ಒಡಹುಟ್ಟಿದವರು, ಬಂಧುಗಳು, ಕಡೆಗೆ ಸಹೋದ್ಯೋಗಿಗಳು ಕೂಡ ದೂರು ಕೊಡಲು ಅವಕಾಶವಿತ್ತಿತು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಇದನ್ನು ರದ್ದುಪಡಿಸಲು ತೀರ್ಮಾನಿಸಿತು. ಆದರೆ ಸಂಪುಟದ ತೀರ್ಮಾನವೇ ಬೇರೆ, ಸದನದಲ್ಲಿ ಕಾಯ್ದೆ ರದ್ದಾಗುವುದೇ ಬೇರೆ. ತಾವು ನಂಬಿದ್ದು ಇದಕ್ಕೆ ಮೊದಲು ಎಂದಾದರೆ ದೀಕ್ಷಾಸ್ನಾನದ ದಿನಾಂಕವಿರುವ ಸಭೆಯ ದಾಖಲೆಯ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಠಾಣೆಗೆ ಹೋಗುವುದು ಕೊನೆಯ ಬಾಗಿಲಾಗಲಿ. ಅಲ್ಲಿಂದ ಹಿಂತಿರುಗಿ ಬಂದ ಮೇಲೂ ಅದೇ ಊರಿನಲ್ಲಿ, ಅದೇ ಅಣ್ಣನ ಎದುರಿನಲ್ಲಿ ಬಾಳಬೇಕು.

ಅರಳಿಕಟ್ಟೆ

ನಾನು ಕ್ರೈಸ್ತನಲ್ಲ. ಬಾಲ್ಯದ ಗೆಳೆಯನೊಬ್ಬನು ನಿಮ್ಮ ದಾರಿಗೆ ಬಂದ ಮೇಲೆ ಅವನನ್ನು ಅರ್ಥಮಾಡಿಕೊಳ್ಳಬೇಕೆಂದು ಇಲ್ಲಿ ಓದುತ್ತಿರುತ್ತೇನೆ. ಬೇಸರವಾಗದಿದ್ದರೆ ನಮ್ಮ ಕಡೆಯ ಮಾತನ್ನೂ ಕೇಳಿ.

ಊರು ನಿಮ್ಮನ್ನು ತಿರಸ್ಕರಿಸಿತು ಎಂದು ನೀವು ಹೇಳುತ್ತೀರಿ. ನೀವೇ ನಮ್ಮನ್ನು ತಿರಸ್ಕರಿಸಿದಿರಿ ಎಂದು ಊರಿಗೆ ಅನಿಸುತ್ತದೆ. ಜಾತ್ರೆಗೆ ಮುಂಚೆ ಮಂಗಳವಾರಗಳಂದು ವಾರ ಹಿಡಿದು ಯಾರೂ ಹೊಲಕ್ಕೆ ಹೋಗದಿರುವಾಗ ಒಬ್ಬನ ಟ್ರ್ಯಾಕ್ಟರ್ ಮಾತ್ರ ಓಡಿದರೆ ನಮಗೆ ದೇವಿಯ ಸಿಟ್ಟಿನ ಭಯ ಒಂದು ಕಡೆ, ಈತನು ನಮ್ಮವನಲ್ಲ ಎಂಬ ನೋವು ಇನ್ನೊಂದು ಕಡೆ. ಪಟ್ಟಿ ಎಂದರೆ ಹಣಕ್ಕಿಂತ ಹೆಚ್ಚಾಗಿ ತಲೆ ಎಣಿಕೆ. ಯಾರ ಮನೆ ಪಟ್ಟಿಯಲ್ಲಿದೆಯೋ ಆ ಮನೆಯಲ್ಲಿ ಸಾವಾದರೆ ಊರು ಓಡಿಬರುತ್ತದೆ. ಅಂಗಡಿಗೆ ಮೋಟಾರ್ ತರುವುದಿಲ್ಲ ಎಂದು ಹೆದರಿಸಿದ್ದು ತಪ್ಪು, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಬೆಟಗೇರಿಯ ಅಕ್ಕ ಹೇಳಿದಂತೆ ನೀರಿನ ಬಳಿ ನಿಂತವನನ್ನು ಊರು ಕಡೆಗಣಿಸುವುದಿಲ್ಲ ಎಂಬ ನಂಬಿಕೆ ನನಗಿದೆ.

ಕೋಲಾರದ ಕಾಲುದಾರಿ

ಅರಳಿಕಟ್ಟೆಯವರೇ, ತಾವು ಪ್ರಾಮಾಣಿಕವಾಗಿ ಬರೆದಿದ್ದೀರಿ, ಆದ್ದರಿಂದ ನಾನೂ ಹಾಗೆಯೇ ಬರೆಯುತ್ತೇನೆ. ಪಟ್ಟಿ ಎಂದರೆ ತಲೆ ಎಣಿಕೆ ಎಂಬ ಮಾತು ನಮ್ಮ ಕೇರಿಗೆ ಅನ್ವಯಿಸಲಿಲ್ಲ. ನನ್ನ ತಾತ ಪಟ್ಟಿ ಕೊಟ್ಟರು, ತೇರಿನ ಮುಂದೆ ರಾತ್ರಿಯಿಡೀ ತಮಟೆ ಬಾರಿಸಿದರು, ಆದರೂ ತೇರಿನ ಹಗ್ಗವನ್ನು ಮುಟ್ಟುವಂತಿರಲಿಲ್ಲ. ನಾವು ಯೇಸುವನ್ನು ನಂಬುವ ಮೊದಲೇ ಊರಿನ ಹೊರಗಿದ್ದವರು. ಹೊರಗೆ ಹೋದಿರಿ ಎಂದು ನಮಗೆ ಹೇಳುವವರು ನಾವು ಎಂದು ಒಳಗಿದ್ದೆವು ಎಂಬುದನ್ನೂ ಹೇಳಬೇಕು.

ನಮ್ಮ ಕಷ್ಟ ಇನ್ನೊಂದು ಬಗೆಯದು. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೆಯ ಪರಿಚ್ಛೇದದಂತೆ ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿಯವರೆಂದು ಪರಿಗಣಿಸುವುದಿಲ್ಲ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ಧರ್ಮವನ್ನು ನೋಡದೆ ಈ ಸ್ಥಾನ ಕೊಡಬೇಕೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಶಿಫಾರಸು ಮಾಡಿದರೂ ಜಾರಿಯಾಗಲಿಲ್ಲ. ಆದ್ದರಿಂದ ನನ್ನಂಥ ಅನೇಕರು ಭಾನುವಾರ ಸಭೆಯಲ್ಲಿ ಒಂದು ಹೆಸರು, ತಹಶೀಲ್ದಾರರ ಕಚೇರಿಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬಾಳುತ್ತಿದ್ದಾರೆ. ಮೀಸಲಾತಿಗಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ಮೋಸ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ದಿನ ನನಗೆ ನಿದ್ರೆ ಬರಲಿಲ್ಲ. ಮಗಳ ಕಾಲೇಜಿನ ಅರ್ಜಿಯನ್ನು ಮೇಜಿನ ಮೇಲೆ ಇಟ್ಟುಕೊಂಡು ಧರ್ಮದ ಕಾಲಮ್ಮಿನ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಕೊನೆಗೆ "ಕ್ರೈಸ್ತ" ಎಂದು ಬರೆದೆ. ಅವಳ ಶುಲ್ಕವನ್ನು ಇಂದಿಗೂ ಸಾಲ ಮಾಡಿ ಕಟ್ಟುತ್ತಿದ್ದೇನೆ. ಬೇರೆ ರೀತಿ ಬರೆದವರನ್ನು ನಾನು ನಿಂದಿಸುವುದಿಲ್ಲ.

ಕಲ್ವಾರಿ ದಾಸ

ಅಣ್ಣ, ನಿಮ್ಮ ಸಾಕ್ಷಿಯನ್ನು ಓದಿ ನನ್ನ ಕಣ್ಣು ತುಂಬಿತು. ನಿಮ್ಮ ಸಭೆ ಆ ಶುಲ್ಕಕ್ಕೆ ಸಹಾಯ ಮಾಡಲಿಲ್ಲವೇ?

ಕೋಲಾರದ ಕಾಲುದಾರಿ

ಇಲ್ಲ. ಸಭೆಯೊಳಗೂ ಯಾರ ಮನೆಯಿಂದ ಹೆಣ್ಣು ತರುವುದು ಎಂಬ ಮಾತು ಬಂದಾಗ ಹಳೆಯ ಕೇರಿಯ ಲೆಕ್ಕವೇ ನಡೆಯುತ್ತದೆ. ಸಮಾಜ ನಮ್ಮನ್ನು ಒಪ್ಪುವುದಿಲ್ಲ ಎಂದು ಬರೆಯುವಾಗ ಇದನ್ನೂ ಬರೆಯಬೇಕು.

ಜೆಪ್ಪು ಹಂಚು

ಮೋಟಾರ್ ತರುವುದಿಲ್ಲ ಎಂಬ ಬೆದರಿಕೆ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ, ಏಕೆಂದರೆ ನಮ್ಮ ಕರಾವಳಿಯ ಸಭೆಗಳ ಕಥೆಯೆಲ್ಲ ಅಲ್ಲಿಂದಲೇ ಆರಂಭವಾಗುತ್ತದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1844ರಲ್ಲಿ ಆನಂದರಾಯ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕನು ದೀಕ್ಷಾಸ್ನಾನ ಪಡೆದಾಗ ಊರು ಕೆರಳಿತು, ಅವನು ಸ್ವಂತ ಬಂಧುಗಳಿಗೆ ಪರಕೀಯನಾದನು. ಆಮೇಲೆ ಬಾಸೆಲ್‌ಗೆ ಹೋಗಿ ಓದಿ, ಬೋಧಕನಾಗಿ ಹಿಂತಿರುಗಿ ಬಂದು ಇದೇ ನಾಡಿನಲ್ಲಿ ದುಡಿದನು. ವಿದ್ಯಾವಂತನಿಗೆ ಆ ದಾರಿ ಇತ್ತು. ಗೇಣಿಗೆ ಗೇಯುತ್ತಿದ್ದವನು, ಶೇಂದಿ ಇಳಿಸುತ್ತಿದ್ದವನು ನಂಬಿದರೆ ಮರುದಿನವೇ ಜಮೀನೂ ಕಸುಬೂ ಹೋಗುತ್ತಿದ್ದವು. ಮಿಷನ್ನಿನವರು ನೇಯ್ಗೆಯ ಕಾರ್ಖಾನೆಯನ್ನೂ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆಯಲು ಇದು ದೊಡ್ಡ ಕಾರಣ. ನಿಮ್ಮಲ್ಲಿ ಎಷ್ಟೋ ಜನರ ಮನೆಯ ಮೇಲೆ ಇರುವ ಮಂಗಳೂರು ಹಂಚಿನ ಹಿಂದೆ ಊರು ಕಳೆದುಕೊಂಡವರ ಕೈಗಳಿವೆ. ನನ್ನ ಮುತ್ತಜ್ಜಿ ಆ ಅಂಗಳದಲ್ಲಿ ಹಸಿ ಹಂಚು ಹೊತ್ತವಳು.

ಆದರೆ ಅದರ ಬೆಲೆಯನ್ನೂ ಹೇಳಬೇಕು. ಕಾರ್ಖಾನೆಯ ಸುತ್ತ ಕ್ರೈಸ್ತರದ್ದೇ ವಠಾರಗಳಾದವು, ಕೆಲಸ, ಶಾಲೆ, ದೇವಾಲಯ, ಸಮಾಧಿ ಎಲ್ಲವೂ ಒಂದೇ ಆವರಣದಲ್ಲಿ ಸಿಕ್ಕಿದವು, ಹಳೆಯ ಊರಿನೊಂದಿಗೆ ಮಾತು ನಿಂತುಹೋಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಬಂಧನದಲ್ಲಿಟ್ಟು, ಕಾರ್ಖಾನೆಗಳು ಕೈತಪ್ಪಿದಾಗ ನಮ್ಮವರಿಗೆ ನೆಲವೇ ಕುಸಿದಂತಾಯಿತು. ಆದ್ದರಿಂದ ಪೇಟೆಗೆ ಬಂದು ವಿಶ್ವಾಸಿಗಳ ಮಧ್ಯೆ ಅಂಗಡಿ ಇಡಿ ಎಂದು ನಾನು ಹೇಳಲಾರೆ. ನಿಮ್ಮ ಅಂಗಡಿ ಬಸ್ ನಿಲ್ದಾಣದ ಪಕ್ಕದಲ್ಲಿಯೇ ಇರಲಿ.

ಅಯ್ಯನವರ ಮಗ

ಮಂಟಪದ ಲೈಟಿನ ಬಗ್ಗೆ ಯಾರೂ ಬರೆಯಲಿಲ್ಲ. ಕಸುಬಿನ ಈ ಪ್ರಶ್ನೆ ಸಭೆಯಷ್ಟೇ ಹಳೆಯದು. ಕ್ರಿ.ಶ. 200ರ ಸುಮಾರಿಗೆ ಕಾರ್ತೇಜ್ ನಗರದ ತೆರ್ತುಲಿಯನ್ ಎಂಬ ಕ್ರೈಸ್ತ ಲೇಖಕನು, ವಿಗ್ರಹ ಮಾಡುವುದಷ್ಟೇ ಅಲ್ಲ, ಗುಡಿಯ ಅಲಂಕಾರಕ್ಕೆ ಕೈ ಹಾಕುವ ಕಸುಬುದಾರನೂ ಆರಾಧನೆಯಲ್ಲಿ ಪಾಲುಗಾರನೇ ಎಂದು ಬಹಳ ಬಿಗಿಯಾಗಿ ವಾದಿಸಿದನು. ಅದೇ ಮನುಷ್ಯನು, ನೆರೆಯವರ ಮದುವೆಗೂ ಮಗುವಿನ ನಾಮಕರಣಕ್ಕೂ ಕರೆದರೆ ಹೋಗಬಹುದು, ಅಲ್ಲಿ ಬಲಿ ನಡೆದರೂ ಹೋದವನು ಮನುಷ್ಯರಿಗಾಗಿ ಹೋಗಿರುತ್ತಾನೆ ಎಂದು ಅವಕಾಶ ಕೊಟ್ಟನು. ಅಷ್ಟು ಕಠಿಣನಾದವನೇ ಮನೆಯ ಸಂಬಂಧಕ್ಕೆ ಬಾಗಿಲು ತೆರೆದಿಟ್ಟಿದ್ದಾನೆ ಎಂಬುದನ್ನು ಗಮನಿಸಿ.

ನನ್ನ ಅಭಿಪ್ರಾಯದಲ್ಲಿ ರಸ್ತೆಯ ದೀಪ ಬೇರೆ, ಗದ್ದುಗೆಯ ಮೇಲಿನ ದೀಪ ಬೇರೆ. ರಸ್ತೆಯಲ್ಲಿ ಮಕ್ಕಳೂ ಮುದುಕರೂ ನಡೆಯುತ್ತಾರೆ; ಅಲ್ಲಿ ತಂತಿ ಎಳೆಯಿರಿ, ಅರ್ಥಿಂಗ್ ಸರಿಯಾಗಿ ಕೊಡಿ, ಯಾರಿಗೂ ಶಾಕ್ ಹೊಡೆಯದಂತೆ ನೋಡಿಕೊಳ್ಳಿ.

ಕಲ್ವಾರಿ ದಾಸ

ರಸ್ತೆ ಹೋಗುವುದೂ ಅದೇ ಗುಡಿಗೆ ತಾನೇ?

ಬೆಟಗೇರಿ ಮೊಮ್ಮಗಳು

ಹೌದು, ಅದೇ ರಸ್ತೆಯಲ್ಲಿ ಅವರ ಅವ್ವನ ಮನೆಯೂ ಇದೆ. ಎರಡನೆಯ ಅರಸುಗಳ ಪುಸ್ತಕದ ಐದನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಅರಾಮ್ಯರ ಸೇನಾಪತಿಯಾದ ನಾಮಾನನು ಇಸ್ರಾಯೇಲಿನ ದೇವರನ್ನು ನಂಬಿದ ಮೇಲೂ ತನ್ನ ಅರಸನೊಂದಿಗೆ ರಿಮ್ಮೋನನ ಗುಡಿಗೆ ಹೋಗಿ ಬಾಗಬೇಕಾಗುತ್ತದೆ, ಅದನ್ನು ಕರ್ತನು ಕ್ಷಮಿಸಲಿ ಎಂದು ಪ್ರವಾದಿಯಾದ ಎಲೀಷನ ಮುಂದೆ ಸಂಕಟದಿಂದ ಹೇಳಿಕೊಂಡನು. ಎಲೀಷನು ಅವನಿಗೆ ಉಪದೇಶ ಮಾಡಲಿಲ್ಲ. ಸಮಾಧಾನದಿಂದ ಹೋಗು ಎಂದನು.

ಕಲ್ವಾರಿ ದಾಸ

ನಾಮಾನನು ತಾನು ಮಾಡುತ್ತಿರುವುದು ಸರಿ ಎಂದು ಹೇಳಲಿಲ್ಲ, ಕ್ಷಮೆ ಕೇಳಿದನು. ಆ ವ್ಯತ್ಯಾಸವನ್ನು ಬಿಟ್ಟುಕೊಡಲು ನನ್ನಿಂದಾಗದು.

ಬೆಟಗೇರಿ ಮೊಮ್ಮಗಳು

ಅದನ್ನು ಒಪ್ಪುತ್ತೇನೆ.

ಮೊಂತಿ

ನಾನು ಮಂಗಳೂರಿನ ಕೆಥೋಲಿಕ್ ಮನೆತನದವಳು. ಅವ್ವನ ಎಡೆಯ ಮಾತನ್ನು ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ. ಸತ್ತ ಹಿರಿಯರ ಮುಂದೆ ಅನ್ನವಿಟ್ಟು ಬಾಗುವುದು ಆರಾಧನೆಯೋ ಗೌರವವೋ ಎಂಬ ಪ್ರಶ್ನೆಯ ಮೇಲೆ ನಮ್ಮ ಧರ್ಮಸಭೆ ಚೀನಾದಲ್ಲಿ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ತೊಳಲಾಡಿತು. ಅದು ಗೌರವವೇ ಎಂದು ಯೇಸುಸಭೆಯ ಗುರುಗಳು ವಾದಿಸಿದರು. ಪೋಪ್ 1715ರಲ್ಲಿ ನಿಷೇಧಿಸಿದರು, 1742ರಲ್ಲಿ ಇನ್ನೊಬ್ಬ ಪೋಪ್ ಅದನ್ನು ಮತ್ತಷ್ಟು ಬಿಗಿಗೊಳಿಸಿದರು. 1939ರಲ್ಲಿ ಹನ್ನೆರಡನೆಯ ಪಯಸ್ ಪೋಪರ ಕಾಲದಲ್ಲಿ, ಹಿರಿಯರ ಚಿತ್ರದ ಮುಂದೆ ತಲೆಬಾಗುವಂಥ ಆಚರಣೆಗಳಿಗೆ ಅನುಮತಿ ಸಿಕ್ಕಿತು. ಈ ನಡುವಿನ ಕಾಲದಲ್ಲಿ ಎಷ್ಟು ತಾಯಂದಿರು ನಿಮ್ಮ ಅವ್ವನಂತೆ ಕೇಳಿ ಉತ್ತರ ಸಿಗದೆ ಹೋದರೋ ಎಂದು ನಾನು ಯೋಚಿಸುತ್ತೇನೆ.

ನಮ್ಮಲ್ಲಿ ನವೆಂಬರ್ 2ರಂದು ಸತ್ತವರ ಸ್ಮರಣೆಗಾಗಿ ಇಗರ್ಜಿಯ ಸಮಾಧಿ ಭೂಮಿಗೆ ಹೋಗಿ ಹುಲ್ಲು ಕಿತ್ತು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತೇವೆ. ನಿಮ್ಮ ಸಭೆಯ ಪದ್ಧತಿ ಬೇರೆ ಇರಬಹುದು. ಆದರೂ ಅವ್ವನಿಗೆ "ನಿನ್ನನ್ನು ನಾನು ಮರೆಯುವುದಿಲ್ಲ, ಪ್ರತಿ ವರ್ಷ ನಿನ್ನ ದಿನದಂದು ಹತ್ತು ಜನರಿಗೆ ಊಟ ಹಾಕುತ್ತೇನೆ" ಎಂದು ಹೇಳುವುದಕ್ಕೆ ಯಾವ ಸಭೆಯೂ ಅಡ್ಡಿ ಮಾಡುವುದಿಲ್ಲ. ಅವಳು ಬದುಕಿರುವಾಗಲೇ ಹೇಳಿ. ಎದ್ದು ಬರಬೇಡಿ.

ಅರಳಿಕಟ್ಟೆ

ಈ ಮಾತು ನನಗೆ ಹಿಡಿಸಿತು. ಆದರೆ ನಮ್ಮ ತಾಯಂದಿರಿಗೆ ಹತ್ತು ಜನರ ಊಟ ಎಡೆಗೆ ಸಮವಾಗದು ಎಂಬುದನ್ನೂ ಹೇಳಿಬಿಡುತ್ತೇನೆ. ಮಗನ ಕೈಯ ಎಡೆ ಮುಟ್ಟದಿದ್ದರೆ ಹಸಿದಿರುತ್ತೇನೆ ಎಂದು ಅವರು ನಿಜವಾಗಿಯೂ ನಂಬಿದ್ದಾರೆ.

ಸಹನೆ

ತಂತಿ ತಮ್ಮಾ, ಜಾತ್ರೆ ಮುಗಿದ ಮೇಲೆ ಏನಾಯಿತು ಎಂದು ತಪ್ಪದೆ ಬರೆಯಿರಿ. ನಮ್ಮ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ನಿಮ್ಮ ಅವ್ವನನ್ನೂ ಅಣ್ಣನನ್ನೂ ನೆನೆಯುತ್ತಿದ್ದೇವೆ.

ತಾಮ್ರದ ತಂತಿ

ಜಾತ್ರೆ ಮುಗಿದು ನಾಲ್ಕು ದಿನವಾಯಿತು. ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ.

ಬೆಟಗೇರಿಯ ಅಕ್ಕ ಹೇಳಿದಂತೆ ಹಿರಿಯರ ಬಳಿಗೆ ನಾನೇ ಹೋದೆ. ಕಟ್ಟೆಯ ಮೇಲೆ ಏಳು ಜನ ಕುಳಿತಿದ್ದರು. ದೇವಿಗೆ ಕೈಮುಗಿಯಲು ನನ್ನಿಂದ ಆಗುವುದಿಲ್ಲ, ಊರಿಗೆ ದುಡಿಯಲು ಆಗುತ್ತದೆ ಎಂದೆ. ಬಹಳ ಬೈದರು. ನಮ್ಮ ಅಪ್ಪನ ಹೆಸರು ಎತ್ತಿ ಬೈದರು, ಅದು ನನಗೆ ಸಹಿಸಲಾಗಲಿಲ್ಲ, ಆದರೂ ನಿಂತುಕೊಂಡೆ. ಕೊನೆಗೆ ಪುಸ್ತಕ ಹಿಡಿದವರು 2,500 ರೂಪಾಯಿಯನ್ನು ನೀರಿನ ಟ್ಯಾಂಕರಿನ ಲೆಕ್ಕಕ್ಕೆ ಬರೆದುಕೊಂಡರು. ಇಬ್ಬರು ಹಿರಿಯರು ಅದನ್ನು ಒಪ್ಪದೆ ಎದ್ದು ಹೋದರು. ಬಸ್ ನಿಲ್ದಾಣದಿಂದ ಕೆರೆಯ ತನಕ ರಸ್ತೆಯ ದೀಪವನ್ನು ನಾನು ಹಾಕಿದೆ. ಮಂಟಪದ ಒಳಗಿನ ಸರವನ್ನು ನನ್ನ ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗ ಕಟ್ಟಿದ. ಅವನು ದೇವಿಯ ಒಕ್ಕಲು. ಅಂಗಡಿಗೆ ಈ ನಾಲ್ಕು ದಿನದಲ್ಲಿ ಎರಡು ಮೋಟಾರ್ ಮಾತ್ರ ಬಂದಿವೆ. ಈ ಕಾಲದಲ್ಲಿ ದಿನಕ್ಕೆ ಎರಡು ಬರುತ್ತಿದ್ದವು.

ಜಾತ್ರೆಯ ಮುಖ್ಯ ದಿನ ಬೆಳಗಿನ ಜಾವ ಅವ್ವ ನನ್ನನ್ನು ಹಿತ್ತಲ ಬಾಗಿಲಿಗೆ ಕರೆದಳು. ಸೆರಗಿನ ಕೆಳಗೆ ಮುಚ್ಚಿದ ತಾಟು, ಅದರಲ್ಲಿ ಎರಡು ಹೋಳಿಗೆ, ತುಪ್ಪ ಇನ್ನೂ ಹರಿಯುತ್ತಿತ್ತು. "ಇನ್ನಾ ದೇವ್ರಿಗೆ ತೋರಿಸಿಲ್ಲ, ಮೊದ್ಲ ತಗದಿಟ್ಟೀನಿ. ಈಗ ತಿನ್ನಾಕ ಬರ್ತೈತಲ್ಲ ನಿನಗ?" ಎಂದಳು. ನೈವೇದ್ಯಕ್ಕೆ ಮೊದಲು ಹೋಳಿಗೆಯ ಚೂರನ್ನು ಬಾಯಿಗೆ ಹಾಕಿದ್ದಕ್ಕೆ ಚಿಕ್ಕಂದಿನಲ್ಲಿ ನನ್ನ ಕೈಗೆ ಸೌಟಿನಿಂದ ಹೊಡೆದವಳು ಇದೇ ಅವ್ವ. ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು ತಿಂದೆ. ಅವಳು ನಾನು ತಿನ್ನುವ ತನಕ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು, ಅಣ್ಣನ ಮನೆಯವರು ನೋಡಬಾರದೆಂದು.

ಊಟ ಹಾಕುವ ಮಾತನ್ನು ಅವಳಿಗೆ ಹೇಳಿದೆ. ಅವಳು ಹೂಂ ಎಂದೂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಅಣ್ಣ ಇನ್ನೂ ಮಾತನಾಡಿಲ್ಲ.

ಕಲ್ವಾರಿ ದಾಸ

ತಮ್ಮಾ, ನಿನ್ನ ಅವ್ವನಿಗೆ ನನ್ನ ನಮಸ್ಕಾರ ತಿಳಿಸು. ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನುವ ವಿಷಯವಿರುವ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹತ್ತನೆಯ ಅಧ್ಯಾಯವನ್ನು ನಾನು ಎಷ್ಟೋ ಸಲ ಬೋಧಿಸಿದ್ದೇನೆ, ಆದರೆ ಅದನ್ನು ಓದದ ಒಬ್ಬ ತಾಯಿ ಹೀಗೆ ನಡೆದದ್ದನ್ನು ಕೇಳಿರಲಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಲೇಬೇಕು, ತಪ್ಪು ತಿಳಿಯಬೇಡ. ಹುಡುಗನ ಕೈಯಿಂದ ಮಂಟಪದ ಸರ ಕಟ್ಟಿಸಿದರೆ ನೀನೇ ಕಟ್ಟಿದಂತೆ ಆಗುವುದಿಲ್ಲವೇ?

ತಾಮ್ರದ ತಂತಿ

ಅಣ್ಣ, ಅದು ನನ್ನನ್ನೂ ಕೊರೆಯುತ್ತಿದೆ. ತಂತಿ, ಹೋಲ್ಡರ್, ಏಣಿ ಎಲ್ಲವೂ ನನ್ನ ಅಂಗಡಿಯವೇ ಆಗಿದ್ದವು. ಆ ಕೆಲಸದ ಕೂಲಿಯನ್ನು ಮುಟ್ಟದೆ ಪೂರ್ತಿ ಹುಡುಗನಿಗೇ ಕೊಟ್ಟೆ. ಅಷ್ಟರಿಂದ ಸರಿಯಾಯಿತು ಎಂದು ನನಗೂ ಅನಿಸಿಲ್ಲ. ಭಾನುವಾರ ಸಭೆಯ ಅಯ್ಯನವರನ್ನು ಕೇಳುತ್ತೇನೆ.